ಪ್ರಜ್ಞಾಳ ಬೋರ್ಡು

ಕಡೂರಿನ ತೆಂಗಿನಕಾಯಿ ಮಂಡಿಯೊಂದರ ಮಹಡಿಯ ಮೇಲೆ ಓಂಕಾರೇಶನ ಕಂಪನಿ ಇದೆ. ಕಂಪನಿ ಎಂದರೆ ಭಾರಿಯದೇನಲ್ಲ. ಮೂರು ಮೇಜು, ಒಂದು ಫ್ಯಾನು, ಕೆಳಗಿನಿಂದ ಬರುವ ಕೊಬ್ಬರಿಯ ವಾಸನೆ. ಆಸ್ಪತ್ರೆಗಳಲ್ಲಿ ಟೋಕನ್ ನಂಬರ್ ತೋರಿಸುವ ಬೋರ್ಡುಗಳನ್ನು ಅಲ್ಲಿ ಜೋಡಿಸುತ್ತಾರೆ. ಬೋರ್ಡಿನ ಚಿಪ್ಪಿನಿಂದ ಕೆಲಸ ತೆಗೆಯುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಅದನ್ನು ಬರೆಯುವವಳು ಪ್ರಜ್ಞಾ.

ಅವಳ ಅಪ್ಪ ಗಿರಿಯಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತನಾದವನು. ಚಿಕ್ಕವನಿದ್ದಾಗ ಊರಿನ ರೇಷನ್ ಅಂಗಡಿಗೆ ಎಷ್ಟು ಬೇಗ ಹೋಗಿ ನಿಂತರೂ ಅವನನ್ನು ಕರೆಯುತ್ತಿದ್ದದ್ದು ಎಲ್ಲರಿಗಿಂತ ಕೊನೆಗೆ. ಕೇರಿಯವನಲ್ಲವೇ! ಬಾಗಿಲ ಪಕ್ಕ ನಿಂತು, ಒಳಗಿನವರು ಯಾವಾಗ ಮುಖ ಎತ್ತಿ ನೋಡುತ್ತಾರೋ ಎಂದು ಕಾಯಬೇಕು. ಬಾಯಿಬಿಟ್ಟು ಕೇಳಿದರೆ ಬೈಗುಳ. ಹಾಗಾಗಿ ಟೋಕನ್ ಕೊಡುವ ಜಾಗ ಎಂದರೆ ಅವನಿಗೆ ಪಂಚಪ್ರಾಣ.

"ನಂಬರಿಗೆ ಮುಖ ಇಲ್ಲ ಕಣವ್ವ. ಸರದಿ ಬಂದ್ರೆ ಬಂತು, ಯಾವನೂ ತಡೆಯಂಗಿಲ್ಲ" ಎನ್ನುತ್ತಿದ್ದ.

ಮಗಳ ಬೋರ್ಡು ತರೀಕೆರೆಯ ನರ್ಸಿಂಗ್ ಹೋಮೊಂದಕ್ಕೆ ಹೋದ ಮೇಲಂತೂ ಮನೆ ಹತ್ತಿರದ ಡಾಕ್ಟರನ್ನು ಬಿಟ್ಟು, ಬಿಪಿ ತೋರಿಸಲು ರೈಲು ಹತ್ತಿ ಅಲ್ಲಿಗೇ ಹೋಗತೊಡಗಿದ. ಹೆಂಡತಿ ಭಾಗಮ್ಮ ಗೊಣಗಿದ್ದೇ ಬಂತು.

ಇನ್ನು ಆ ಬೋರ್ಡಿನ ವಿಷಯ. ತೆರೆಯ ಮೇಲಿನ ಚಿತ್ರ ಅಲುಗದಂತೆ ಕಂಡರೂ ಚಿಪ್ಪು ಅದನ್ನು ಸೆಕೆಂಡಿಗೆ ಹತ್ತಾರು ಸಲ ಬರೆಯುತ್ತಲೇ ಇರುತ್ತದೆ. ಎಷ್ಟು ಸಲ ಬರೆದೆ ಎಂದು ಎಣಿಸಲು ಒಳ್ಳೆಯ ಚಿಪ್ಪಿನಲ್ಲಿ ಒಂದು ಕೌಂಟರ್ ಇರುತ್ತದೆ. ಆ ಎಣಿಕೆ ನೋಡಿಕೊಂಡು ಹೊಸ ಚಿತ್ರ ಹಾಕುವುದು ಪದ್ಧತಿ. ಓಂಕಾರೇಶ ಅಗ್ಗಕ್ಕೆ ತಂದ ಚಿಪ್ಪಿನಲ್ಲಿ ಕೌಂಟರ್ ಇರಲಿಲ್ಲ. ಆಗ ಡ್ರೈವರ್ ಮುಚ್ಚುಮರೆ ಇಲ್ಲದೆ 'ನನ್ನ ಹತ್ತಿರ ಎಣಿಕೆ ಇಲ್ಲ' ಎಂದುಬಿಡಬೇಕು; ಡ್ರೈವರನ್ನು ನಡೆಸುವ ಮೇಲಿನ ವ್ಯವಸ್ಥೆ ಗಡಿಯಾರ ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇದು ಪ್ರಜ್ಞಾಗೆ ಗೊತ್ತಿಲ್ಲದ್ದಲ್ಲ. ಆದರೆ ಹಾಗೆ ಮಾಡಿದರೆ ಅಂಕಿ ಬದಲಾಗುವಾಗ ಕೊಂಚ ನಡುಗುತ್ತಿತ್ತು, ಬೋರ್ಡು ಮರುದಿನವೇ ಹೋಗಬೇಕಿತ್ತು. ಇಲ್ಲ ಎನ್ನುವ ಬದಲು, ಕಡೆಯ ಸಲ ನೆನಪಿಟ್ಟುಕೊಂಡ ಸಂಖ್ಯೆಯನ್ನೇ ಕೊಡು ಎಂದು ಬರೆದುಬಿಟ್ಟಳು. ತೆರೆ ಎಚ್ಚರವಿರುವಷ್ಟು ಹೊತ್ತು ಆ ಸಂಖ್ಯೆ ಒಂದೊಂದಾಗಿ ಏರುತ್ತಿದ್ದುದರಿಂದ ಮೇಜಿನ ಮೇಲೆ ಎಲ್ಲ ಚೆನ್ನಾಗಿ ಓಡಿತು. ಅಲ್ಲಿ ತೆರೆ ಒಮ್ಮೆಯೂ ನಿದ್ದೆಗೆ ಹೋಗಿರಲಿಲ್ಲ.

ಆ ದಿನ ತರೀಕೆರೆಯಲ್ಲಿ ಡಾಕ್ಟರು ಹೆರಿಗೆಯೊಂದಕ್ಕೆ ಎದ್ದುಹೋದರು. ಹೊಸ ನಂಬರ್ ಬಾರದೆ ತೆರೆ ನಿದ್ದೆಗೆ ಹೋಯಿತು. ಅಲ್ಲಿಗೆ ಎಣಿಕೆ ಕಡಿದುಹೋಗಿ, ಎದ್ದ ಮೇಲೂ ಡ್ರೈವರ್ ಅದೇ ಹಳೆಯ ಸಂಖ್ಯೆ ಕೊಟ್ಟಿತು. ಅದು ಏರಲಿ ಎಂದು ಬೋರ್ಡು ಕಾಯುತ್ತಾ ಕೂತಿತು. ಡಾಕ್ಟರು ವಾಪಸ್ಸು ಬಂದರೂ ತೆರೆಯ ಮೇಲೆ ಹದಿನೇಳೇ ಇತ್ತು. ಗಿರಿಯಪ್ಪನದು ಇಪ್ಪತ್ತೊಂದು.

ಬೋರ್ಡು ಬಂದ ಮೇಲೆ ಬಾಗಿಲಲ್ಲಿದ್ದ ಆಯಾ ಅಂಜಿನಮ್ಮ ಹೆಸರು ಕೂಗುವುದನ್ನು ನಿಲ್ಲಿಸಿದ್ದಳು. ಬೇಸತ್ತವರು ಒಬ್ಬೊಬ್ಬರಾಗಿ ಎದ್ದು, ಅವಳನ್ನು ಕೇಳಿಕೊಂಡು ಒಳಗೆ ಹೋದರು. ಗಿರಿಯಪ್ಪ ಏಳಲಿಲ್ಲ. ಅವನ ಬಲಗೈ ಜೋಮು ಹಿಡಿಯತೊಡಗಿತ್ತು. ಪಕ್ಕದಲ್ಲಿ ಕೂತಿದ್ದ ಷಣ್ಮುಖಪ್ಪ ಎಂಬವರು ನೋಡಿ ಹೇಳಿದರಂತೆ:

"ಮುಖ ಯಾಕೋ ಒಂದ್ ಕಡೆ ಎಳ್ದಂಗೈತೆ ಕಣ್ರೀ. ಒಳಗೋಗ್ರಿ ಮೊದ್ಲು."

"ನನ್ ನಂಬರ್ ಬಂದಿಲ್ಲ. ನನ್ ಮಗ್ಳು ಮಾಡಿದ್ ಬೋರ್ಡು ಅದು, ಸುಳ್ ಹೇಳಲ್ಲ."

ಕುರ್ಚಿಯಿಂದ ಜಾರಿ ಬಿದ್ದ ಮೇಲೆಯೇ ಅವನನ್ನು ಒಳಗೆ ಎತ್ತಿಕೊಂಡು ಹೋದದ್ದು. ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸಿದರು. ಇನ್ನಷ್ಟು ಬೇಗ ತಂದಿದ್ದರೆ ಎಂದರು ಅಲ್ಲಿನ ಡಾಕ್ಟರು. ಜೀವ ಉಳಿಯಿತು, ಬಲಗೈ ಬಲಗಾಲು ಉಳಿಯಲಿಲ್ಲ, ಮಾತು ಅರ್ಧ ಉಳಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಷಣ್ಮುಖಪ್ಪನವರು ಇದನ್ನೆಲ್ಲ ಹೇಳಿದಾಗ, ಏನಾಗಿತ್ತೆಂದು ಪ್ರಜ್ಞಾಗೆ ಅಲ್ಲೇ ತಿಳಿಯಿತು. ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಎಂಬ ಸಂಕಟವೂ ಆಗಲಿಲ್ಲ. ಅಮ್ಮ ತಟ್ಟೆ ಇಟ್ಟರೆ ಉಂಡಳು, ಎತ್ತಿದರೆ ಕೈ ತೊಳೆದಳು. ಕೆಲಸಕ್ಕೆ ಹೋಗಿ, ತಾನು ಬರೆದಿದ್ದ ಸಾಲುಗಳನ್ನು ಅಳಿಸಿ, ಈ ಚಿಪ್ಪಿನಲ್ಲಿ ಕೌಂಟರ್ ಇಲ್ಲ ಎಂದು ಬರೆದಳು. ನಡುಕವನ್ನೂ ಕೂತು ಸರಿಪಡಿಸಿದಳು. ಬೋರ್ಡು ನಿಂತುಹೋಗುತ್ತಿತ್ತು, ತಪ್ಪು ನಮ್ಮದು ಎಂದು ಗಿರಾಕಿಗಳಿಗೆಲ್ಲ ತಿಳಿಸಲು ಹೊರಟಾಗ ಓಂಕಾರೇಶ ತಲೆ ಕೆರೆದುಕೊಂಡ.

"ಸುಮ್ನೆ ಅಪ್‌ಡೇಟ್ ಅಂತ ಹಾಕಮ್ಮ. ಅಜ್ಜಂಪುರದ ಆರ್ಡರ್ ಹೋಯ್ತದೆ."

"ಹೋಗ್ಲಿ ಸಾರ್" ಎಂದಳು. ಆರ್ಡರ್ ಹೋಯಿತು. ಓಂಕಾರೇಶ ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಬೇರೆ ದಾರಿ ಕಾಣದೆ ಮಾತಾಡಿದ.

ಉಳಿದದ್ದು ಅಪ್ಪ. ಜನ ನುಗ್ಗಿದ್ದರಿಂದಲೇ ತನ್ನ ಸರದಿ ಬರಲಿಲ್ಲ ಎಂದು ಅವನು ನಂಬಿದ್ದ. "ನುಗ್ಗೋ… ಜನ" ಎಂದು ತೊದಲಿ ಬೈಯುತ್ತಿದ್ದ. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ನಂಬರಿನ ಮೇಲಿನ ಆ ಒಂದು ನಂಬಿಕೆಯಾದರೂ ಅವನಿಗೆ ಇರುತ್ತಿತ್ತು. ಆದರೆ ತನ್ನ ತಪ್ಪಿಗೆ ಅಪ್ಪ ಯಾರ್‍ಯಾರನ್ನೋ ಬೈಯುವುದನ್ನು ಕೇಳುತ್ತಾ ಕೂರಲು ಅವಳಿಂದ ಆಗಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಾ ಹೇಳಿದಳು.

"ಯಾರೂ ನುಗ್ಗಿಲ್ಲಪ್ಪ. ಬೋರ್ಡೇ ನಿಂತೋಗಿತ್ತು. ನಾನ್ ಬರ್ದಿದ್ದೇ ತಪ್ಪು."

ಗಿರಿಯಪ್ಪ ಬಾಯಲ್ಲಿದ್ದ ಗಂಜಿ ನುಂಗಿದ. ಇನ್ನೊಂದು ಚಮಚಕ್ಕೆ ಬಾಯಿ ತೆರೆದ. ಬೈಯಲಿಲ್ಲ, ಅವತ್ತೂ ಆಮೇಲೂ.

ಮುಂದಿನ ಸಲ ತರೀಕೆರೆಗೆ ತೋರಿಸಲು ಅವನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದಳು. ಟೋಕನ್ ಹನ್ನೆರಡು. ಬೋರ್ಡು ಎಂಟಕ್ಕೆ ಬಂತು, ಒಂಬತ್ತಕ್ಕೆ ಬಂತು, ಚೂರೂ ನಡುಗದೆ. ಗಿರಿಯಪ್ಪ ತಲೆ ಎತ್ತಲಿಲ್ಲ. ಎಡಗೈಯಿಂದ ಅವಳ ಸೆರಗು ಜಗ್ಗಿದ.

"ಹೋಗಿ… ಕೇಳ್ಕಂಡ್ ಬಾ."

"ಸರಿ ಮಾಡಿದೀನಿ ಅಪ್ಪ. ನೋಡು, ಒಂಬತ್ತಾಯ್ತು."

"ಕೇಳ್ಕಂಡ್… ಬಾ."

ಅವಳು ಎದ್ದು ಹೋದಳು. ಅಂಜಿನಮ್ಮ ತಲೆ ತಗ್ಗಿಸಿ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ಇಷ್ಟು ದಿನ ಮರಗಟ್ಟಿದ್ದ ಎದೆಯಲ್ಲಿ ಪ್ರಜ್ಞಾಗೆ ಮೊದಲ ಸಲ ನೋವು ಎದ್ದಿತು. ಅಂಜಿನಮ್ಮ ಮುಖ ಎತ್ತಿ ನೋಡಲಿ ಎಂದು ಅವಳು ಬಾಗಿಲ ಪಕ್ಕದಲ್ಲಿ ಕಾಯುತ್ತಾ ನಿಂತಳು.