ದೇವರಕಾಡಿನ ಕೆಂಪು

ಭಾಗಮಂಡಲದಿಂದ ಕರಿಕೆಯ ಕಡೆಗೆ ಇಳಿಯುವ ದಾರಿಯಲ್ಲಿ ಗುರುವಪ್ಪನ ಮನೆಯಿತ್ತು. ಕೊಡಗು ತನ್ನದೇ ವಿಧಾನಸಭೆಯುಳ್ಳ ಸಣ್ಣ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ಆ ಭಾಗದ ಬಸ್ಸುಗಳ ಹಣೆಯ ಮೇಲಿನ ಹೆಸರು, ಅಂಗಡಿಗಳ ಬೋರ್ಡು, ಎಸ್ಟೇಟುಗಳ ಗೇಟಿನ ಬರಹ ಎಲ್ಲವೂ ಅವನ ಕೈಯವೇ. ಹದಿಹರೆಯದಲ್ಲಿ ಮಂಗಳೂರಿಗೆ ಹೋಗಿ, ಬೋರ್ಡು ಬರೆಯುವವರೊಬ್ಬರ ಬಳಿ ಕುಂಚ ಹಿಡಿಯಲು ಕಲಿತು ಬಂದಿದ್ದ. ಅಕ್ಷರದ ಕೆಲಸ, ಸ್ವಲ್ಪ ಗದ್ದೆ, ಎರಡೂ ಸೇರಿ ಸಂಸಾರ ನಡೆಯುತ್ತಿತ್ತು. ಯಾರಾದರೂ "ನೀ ಬೋರ್ಡ್ ಬರೆಂವ ಅಲ?" ಎಂದು ಕೇಳಿದರೆ ಅವನು ತಿದ್ದುತ್ತಿದ್ದ: "ಬೋರ್ಡೂ ಬರೆಂವ."

ಅವನ ಹೆಂಡತಿ ಕಮಲ ಇದಕ್ಕೆ ನಗುತ್ತಿದ್ದಳು. "ಆ ಒಂದು 'ಊ'ಗೇ ಇಷ್ಟು ಜಂಬ!"

ಆ ಜಂಬಕ್ಕೆ ಆಧಾರವಿತ್ತು. ಮನೆಯ ಅಟ್ಟದಲ್ಲಿ ಹಲಗೆಗಳ ಮೇಲೆ ಬರೆದ ಚಿತ್ರಗಳಿದ್ದವು: ನಾಟಿಯ ಗದ್ದೆಯಲ್ಲಿ ಬಾಗಿದ ಬೆನ್ನುಗಳು, ಮಂಜು ಹತ್ತುತ್ತಿರುವ ಬೆಟ್ಟ, ಹುತ್ತರಿಯ ಕೋಲಾಟ. ಅವನ್ನು ಮನೆಯವರು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ. ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಗೆಯಲ್ಲಿ ಮಡಿಕೇರಿಯಲ್ಲೊಂದು ವಸ್ತುಪ್ರದರ್ಶನ ನಡೆಯುತ್ತದೆ, ಅಲ್ಲಿ ಕಿತ್ತಳೆ, ಏಲಕ್ಕಿ, ಜೇನಿನ ಜೊತೆಗೆ ಕೊಡಗಿನವರು ಬರೆದ ಚಿತ್ರಗಳಿಗೂ ಒಂದು ಕೋಣೆ ಇರುತ್ತದೆ ಎಂಬ ಸುದ್ದಿ ಬಂದಾಗ ಅವನು ಎರಡನೇ ಸಲ ಯೋಚಿಸಲಿಲ್ಲ. ಆ ಕೋಣೆಯ ಗೋಡೆಯ ಮೇಲೆ ತನ್ನದೊಂದು ಚಿತ್ರ ಇರಬೇಕು. ಅದು ದೇವರಕಾಡಿನ ಚಿತ್ರವೇ ಆಗಬೇಕು.

ಊರಿನ ದೇವರಕಾಡು ಅಯ್ಯಪ್ಪನದು. ಬೇಡಿಕೊಂಡದ್ದು ನಡೆದರೆ ಅಲ್ಲಿ ಮಣ್ಣಿನ ನಾಯಿ ಹರಕೆ ಒಪ್ಪಿಸುವುದು ಹಿಂದಿನಿಂದ ಬಂದ ಪದ್ಧತಿ. ದೊಡ್ಡ ಮರವೊಂದರ ಬುಡದಲ್ಲಿ ತಲೆಮಾರುಗಳ ನಾಯಿಗಳು ನಿಂತಿದ್ದವು. ಹೊಸವು ಮುಂದೆ, ಪಾಚಿ ಹಿಡಿದವು ಹಿಂದೆ, ಅವುಗಳ ಹಿಂದೆ ಕಿವಿ ಮುರಿದವು, ಕೊನೆಗೆ ನಾಯಿಯೋ ಮಣ್ಣೋ ಎಂದು ಹೇಳಲಾಗದವು. ಕುಂಬಾರನ ಹೆಬ್ಬೆರಳು ಒಂದೊಂದರಲ್ಲಿ ಒಂದೊಂದು ಬಗೆಯಲ್ಲಿ ಒತ್ತಿರುವುದರಿಂದ ಒಂದರ ಮುಖ ಇನ್ನೊಂದಕ್ಕಿರಲಿಲ್ಲ. ದೇವರು ಮುಖಗಳನ್ನು ಹೇಗೆ ಬೇರೆ ಬೇರೆ ಮಾಡುತ್ತಾನೆ ಎಂಬುದನ್ನು ತಾನು ಕಲಿತದ್ದು ಅಲ್ಲಿಯೇ ಎಂದು ಗುರುವಪ್ಪ ಹೇಳುತ್ತಿದ್ದ.

ಆ ಕಾಡಿಗೊಂದು ಕಟ್ಟು ಇತ್ತು. ಒಳಗಿನದು ಏನೂ ಹೊರಗೆ ಬರಕೂಡದು. ಸೌದೆಯಿರಲಿ, ಒಣಗಿದ ಎಲೆಯನ್ನೂ ಯಾರೂ ಹೆಕ್ಕುತ್ತಿರಲಿಲ್ಲ. ಆದ್ದರಿಂದ ಗುರುವಪ್ಪ ಮೊದಲು ದೇವಸ್ಥಾನದ ಕಟ್ಟುಕಟ್ಟಳೆ ನೋಡಿಕೊಳ್ಳುವ ಹಿರಿಯ, ಅಂದರೆ ತಕ್ಕರಾದ, ಬೆಳ್ಯಪ್ಪಜ್ಜನ ಅಪ್ಪಣೆ ಕೇಳಿದ. ಒಳಗೆ ಕುಳಿತು ಬರೆಯಬಹುದು, ಏನನ್ನೂ ಕೀಳಬಾರದು ಎಂದು ಅಜ್ಜ ಒಪ್ಪಿದರು. ಬೇಸಗೆಯ ಬೆಳಗುಗಳಲ್ಲಿ ಅವನು ಹಲಸಿನ ಹಲಗೆ ಹೊತ್ತು ಹೋಗಿ ಕುಳಿತ.

ತೊಡಕಾದದ್ದು ಆ ಹಳೆಯ ನಾಯಿಗಳ ಕೆಂಪು. ಅಂಗಡಿಯ ಡಬ್ಬಿಯ ಕೆಂಪು ಬಸ್ಸಿನ ಕೆಂಪು. ಅಂಗಳದ ಮಣ್ಣನ್ನು ಒಲೆಯಲ್ಲಿ ಸುಟ್ಟು, ಅರೆದು, ಮರದ ಅಂಟಿನಲ್ಲಿ ಕಲಸಿ ನೋಡಿದ. ಅದು ಹೊಸ ಹೆಂಚಿನ ಬಣ್ಣಕ್ಕೆ ತಿರುಗಿತು. ಸುಟ್ಟಾಗ ಮಣ್ಣಿನಲ್ಲಿರುವ ಕಬ್ಬಿಣ ಕೆಂಪಾಗುತ್ತದೆ. ಆಮೇಲೆ ವರ್ಷಾನುಗಟ್ಟಲೆ ಮಳೆ, ಪಾಚಿ, ಕೊಳೆತ ಎಲೆಯ ರಸ ಸೇರಿ ಅದನ್ನು ತಗ್ಗಿಸುತ್ತವೆ. ಆ ಎರಡನೆಯ ಕೆಲಸವನ್ನು ಒಲೆ ಮಾಡಲಾರದು. ಹಾಗಾಗಿ ಒಂದು ಬೆಳಗ್ಗೆ ಅವನು, ಮುರಿದು ಪುಡಿಯಾದ ಹಳೆಯ ನಾಯಿಗಳ ಧೂಳನ್ನು ಒಂದು ಹಿಡಿ ಪಂಚೆಯ ಮೂಲೆಯಲ್ಲಿ ಕಟ್ಟಿಕೊಂಡು ಮನೆಗೆ ತಂದ. ಕಿತ್ತಿಲ್ಲ, ಕಡಿದಿಲ್ಲ, ಇದು ಬರೀ ಧೂಳು ಎಂದು ತನ್ನೊಳಗೇ ತೀರ್ಪು ಕೊಟ್ಟುಕೊಂಡ.

ಚಿತ್ರ ಮುಗಿದಾಗ ಬೆಳ್ಯಪ್ಪಜ್ಜ ನೋಡಲು ಬಂದರು. ಕಮಲ ಬೆಲ್ಲದ ಕಾಫಿ ಕೊಟ್ಟಳು. ಅಜ್ಜ ಹಲಗೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಎರಡನೇ ಸಾಲಿನ ಒಂದು ನಾಯಿಗೆ ಬೆರಳು ತೋರಿಸಿದರು.

"ಇದ್ ನಮ್ಮ ಅಪ್ಪ ಇಟ್ಟದ್. ಬಾಲ ಡೊಂಕು. ಸೈ ಮಾರಾಯ! ಈ ಕೆಂಪು ಹೆಂಗೆ ಬಂತ್ ನಿಂಗೆ?"

ಆ ಪ್ರಶ್ನೆಗಾಗಿಯೇ ಗುರುವಪ್ಪ ಕಾದಿದ್ದ. "ಬಣ್ಣ ಅಲ್ಲ ಅಜ್ಜ ಅದ್, ನಾಯಿಗಳೇ. ಹಿಂದೆ ಪುಡಿ ಆಗಿ ಬಿದ್ದದರಿಂದ ಒಂದು ಹಿಡಿ ತಂದೆ. ನಾಯಿನ ನಾಯಿಂದಲೇ ಬರ್ದೆ!"

ಅಜ್ಜ ಕಾಫಿಯ ಲೋಟವನ್ನು ನೆಲದ ಮೇಲಿಟ್ಟರು.

"ಹೊರಗೆ ತಂದೆಯಾ?"

"ಧೂಳ್ ಅಲ ಅಜ್ಜ..."

"ಧೂಳ್ ಆದರೆ ಹರಕೆ ಮುಗ್ದತ್ತಾ? ನಾಳೆ ನಾನೂ ನೀನೂ ಧೂಳೇ." ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಗುರುವಪ್ಪನಿಗೆ ಸಿಟ್ಟಿಗಿಂತ ಕಷ್ಟವಾಯಿತು. "ನೋಡಿದ್ದಕ್ಕೆ ತಪ್ಪಿಲ್ಲೆ, ಬರೆದದ್ದಕ್ಕೂ ಇಲ್ಲೆ. ತಂದದ್ ವಾಪಸ್ ಹೋಗಕು."

"ಅದು ಹಲಗೆಗೆ ಅಂಟಿ ಆಗ್ಯುಟ್ಟು. ಬೇರೆ ಮಾಡಿಕೆ ಆದುಲೆ."

"ಹಂಗಾರೆ ಹಲಗೇನೂ ಹೋಗಲಿ."

ಅಜ್ಜ ಹೋದ ಮೇಲೆ ಕಮಲ ಹೇಳಿದಳು, "ಅಯ್ಯಪ್ಪಂಗೆ ನಾಯಿಗ ಸಾಲ್ದೂಂತ ನಾಯಿಗಳ ಫೋಟೋನೂ ಬೇಕಾ?" ಗಂಡ ನಗಲಿಲ್ಲ. ಅವಳು ಲೋಟ ಎತ್ತಿಕೊಳ್ಳುತ್ತಾ, "ಮಡಿಕೇರಿಗೆ ಹೋಕೆ ಅಟ್ಟದಲ್ಲಿ ಬೇರೆ ಚಿತ್ರ ಉಂಟಲ್ಲ" ಎಂದಳು.

"ಕಾಡಿನ ಚಿತ್ರನೇ ಹೋಗಕು," ಎಂದ ಗುರುವಪ್ಪ.

ಅವನು ವಾದ ಮಾಡಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ತಾನು ಮಾಡಿದ್ದು ತಪ್ಪೆಂದು ಅಜ್ಜ ಲೋಟ ಕೆಳಗಿಟ್ಟಾಗಲೇ ಅವನಿಗೆ ತಿಳಿದಿತ್ತು. ಚಿತ್ರ ಒಳ್ಳೆಯದೆಂಬುದೂ ಅಷ್ಟೇ ಚೆನ್ನಾಗಿ ತಿಳಿದಿತ್ತು. ಒಂದು ಇನ್ನೊಂದನ್ನು ಅಳಿಸಲಿಲ್ಲ. ಮರುದಿನ ಮಿಂದು, ಹಲಗೆಯನ್ನು ತಾನೇ ಹೊತ್ತು ಹೋಗಿ ಮರದ ಬುಡದಲ್ಲಿ ನಾಯಿಗಳ ಸಾಲಿನ ಕೊನೆಗೆ ಒರಗಿಸಿ ಬಂದ. ಬರುವಾಗ ಅಜ್ಜನ ಮನೆಯ ಮುಂದೆ ನಿಂತು ಕೇಳಿದ:

"ಕಾಡಿನ ಬೇಲಿಂದ ಹೊರಗೆ ಕೂತ್ಕಂಡು ಬರೆದರೆ?"

"ಹೊರಗಿನದ್ ಎಂತ ಬೇಕಾರೂ ಬರಿ. ಅದಕ್ಕೆ ನಾ ತಕ್ಕ ಅಲ್ಲ."

ಹೊರಗಿನಿಂದ ಕಾಣುವುದಾದರೂ ಏನು? ಕಲ್ಲು ಪೇರಿಸಿದ ಮೋಟು ಬೇಲಿ, ಒಳಕ್ಕೆ ಹೋಗುವ ಕಾಲುದಾರಿ, ನಾಲ್ಕು ಮಾರಿನಾಚೆ ಕತ್ತಲು. ಗುರುವಪ್ಪ ಹೊಸ ಹಲಗೆಯೆದುರು ಕುಳಿತು ಕೆಲವು ದಿನ ಏನೂ ಬರೆಯದೆ ಎದ್ದು ಬಂದ. ಪ್ರದರ್ಶನ ಹತ್ತಿರವಾಗುತ್ತಿತ್ತು. ಆಗ ದೇವರಕಾಡಿನ ಹಬ್ಬ ಬಂತು. ಊರಿಗೆ ಊರೇ ಒಳಗೆ ಹೋಯಿತು. ಒಳಗಿನಿಂದ ಚೆಂಡೆಯ ಸದ್ದು ಕೇಳುತ್ತಿತ್ತು, ಆದರೆ ಒಬ್ಬ ಮನುಷ್ಯನೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬೇಲಿಯ ಈಚೆ, ಹುಲ್ಲಿನ ಮೇಲೆ, ಊರಿನ ಚಪ್ಪಲಿಗಳೆಲ್ಲ ಬಿದ್ದಿದ್ದವು. ಹಿಮ್ಮಡಿ ಸವೆದವು, ಟಯರಿನವು, ರಜೆಯಲ್ಲಿ ಬಂದ ಸಿಪಾಯಿಯೊಬ್ಬನ ಬೂಟು, ಒಂದು ಮಗುವಿನ ಜೋಡಿ. ಎಲ್ಲದರ ಮೂತಿಯೂ ಕತ್ತಲಿನ ಕಡೆಗೆ.

ಗುರುವಪ್ಪ ಆ ದಿನ ಹಬ್ಬದ ಊಟಕ್ಕೂ ಹೋಗದೆ ಹಲಗೆಯೆದುರು ಕುಳಿತು ಬರೆದ.

ಈ ಚಿತ್ರಕ್ಕೆ ಅಂಗಳದ ಮಣ್ಣು, ಒಲೆಯ ಮಸಿ, ಸುಣ್ಣ, ಅಂಗಡಿಯ ಹಸಿರು ಪುಡಿ ಸಾಕಾದವು. ಹಲಗೆಯ ಮುಕ್ಕಾಲು ಭಾಗ ಕಾಡಿನ ಕಪ್ಪು. ಮಸಿಯನ್ನು ಅವನು ಪದರ ಪದರವಾಗಿ ಹಚ್ಚಿದ್ದ. ಹತ್ತಿರ ಹೋದರೆ ಮರಗಳಿವೆ ಅನ್ನಿಸುತ್ತಿತ್ತು, ದೂರ ಸರಿದರೆ ಬರೀ ಆಳ. ಕೆಳಗೆ, ಬಿಸಿಲಿನಲ್ಲಿ, ಚಪ್ಪಲಿಗಳು. ಕುಂಬಾರನ ನಾಯಿಗಳ ಹಾಗೆ ಒಂದರಂತೆ ಇನ್ನೊಂದು ಇರಲಿಲ್ಲ.

ಮಡಿಕೇರಿಯ ಆ ಕೋಣೆಯಲ್ಲಿ ಚಿತ್ರಕ್ಕೆ ಬಾಗಿಲಿನ ಎದುರಿನ ಗೋಡೆಯೇ ಸಿಕ್ಕಿತು. ಎರಡನೇ ದಿನ ಊರಿನಿಂದ ಬೆಳ್ಯಪ್ಪಜ್ಜ ಬಸ್ಸು ಹತ್ತಿ ಬಂದರು. ಚಿತ್ರದ ಮುಂದೆ ನಿಂತು, ಮೊದಲು ಕತ್ತಲನ್ನು ನೋಡಿದರು. ಅಲ್ಲಿ ಏನೂ ಕಾಣಿಸದ್ದಕ್ಕೆ ತಲೆದೂಗಿದರು. ಆಮೇಲೆ ಕೆಳಗೆ ನೋಡಿದವರು ಬಗ್ಗಿದರು.

"ಇದ್ ನನ್ನ ಮೆಟ್ಟ್ ಅಲ? ಮೊಳೆ ಹೊಡೆದದ್!"

"ನಿಮ್ಮದೇ ಅಜ್ಜ."

"ನನ್ನ ಕೇಳದೆ ಮಡಿಕೇರಿಗೆ ತಂದ್ಯಾ?"

"ಅದು ಬೇಲಿಂದ ಹೊರಗೆ ಇತ್ತಲ್ಲ," ಎಂದ ಗುರುವಪ್ಪ.

ಅಜ್ಜ ಜೋರಾಗಿ ನಕ್ಕದ್ದಕ್ಕೆ ಏಲಕ್ಕಿಯ ಕೋಣೆಯವರೂ ಇಣುಕಿದರು. ಅಂದು ಸಂಜೆಯ ಬಸ್ಸಿನವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಪೇಟೆಯ ಹೆಂಗಸೊಬ್ಬರು ಆ ಕತ್ತಲಿನೊಳಗೆ ಏನಿದೆ ಎಂದು ಗುರುವಪ್ಪನನ್ನು ಕೇಳಿದಾಗ, ಅವನು ಬಾಯಿ ತೆರೆಯುವ ಮೊದಲೇ ಅಜ್ಜ ಉತ್ತರ ಕೊಟ್ಟರು:

"ಅದನ್ನ ಇಲ್ಲಿ ಹೇಳುವ ಹಾಗಿಲ್ಲ ಅಮ್ಮ. ನಮ್ಮೂರಿಗೆ ಬನ್ನಿ. ನಿಮ್ಮ ಮೆಟ್ಟನ್ನೂ ನನ್ನದರ ಪಕ್ಕ ಬಿಟ್ಟು, ಒಳಗೆ ಬಂದು ನೋಡಿ."