ಕೆಂಪು ತಲೆಯ ಗುಂಡುಸೂಜಿ

ಸೊರೈದಾ ಲೊರೆನ್ಸೊ ಮೊದಲ ಸಲ ಲೇಸು ಹೆಣೆಯುವ ವಿಧವೆ ಪ್ರೋವಿಯ ಮನೆಗೆ ಬಂದದ್ದು ಜನರೇಟರ್ ರಿಪೇರಿಗೆ. ಚಂಡಮಾರುತ ದ್ವೀಪವನ್ನು ಹಾದುಹೋಗಿ ಏಳು ವಾರವಾಗಿದ್ದರೂ ಮೋಕಾ ಊರಿನ ಆ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಪ್ರೋವಿಯ ನಾದಿನಿ ಅಂಪಾರೊ ಎಲ್ಲಿಂದಲೋ ಹುಡುಕಿ ಅವಳನ್ನು ಕರೆತಂದಿದ್ದಳು.

"ಇವಳು ವಿಮಾನ ರಿಪೇರಿ ಮಾಡೋಳು ಕಣೆ. ನಿನ್ನ ಡಬ್ಬ ಇವಳಿಗೆ ಯಾವ ಲೆಕ್ಕ!" ಎಂದು ಅಂಪಾರೊ ಗೇಟಿನಿಂದಲೇ ಕೂಗಿದಳು.

ಬಂದವಳಿಗೆ ಇಪ್ಪತ್ತೇಳು ವರ್ಷ. ಗಿಡ್ಡ ಆಳು, ಉಗುರಿನ ಸಂದಿಯಲ್ಲೆಲ್ಲ ಎಣ್ಣೆ. ದ್ವೀಪದ ವಾಯುಪಡೆಯಲ್ಲಿ ಸಾರ್ಜೆಂಟ್, ಎಂಟು ವರ್ಷದಿಂದ ಮೆಕ್ಯಾನಿಕ್. ಕೆಲಸ ಮುಗಿಸಿದವಳು, ಯಂತ್ರ ಕೆಮ್ಮದೆ ಅರ್ಧ ಗಂಟೆ ಓಡುತ್ತದೆಯೋ ಇಲ್ಲವೋ ನೋಡಿಯೇ ಹೋಗುತ್ತೇನೆಂದು ಬಾಲ್ಕನಿಯ ಮೆಟ್ಟಿಲ ಮೇಲೆ ಕೂತು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದಳು. ಅರ್ಧ ಗಂಟೆ ಕೂರುತ್ತೇನೆ ಎನ್ನುವ ಕೆಲಸದವರನ್ನು ಪ್ರೋವಿ ಆವರೆಗೆ ಕಂಡಿರಲಿಲ್ಲ. ಅದು ಅವಳಿಗೆ ಹಿಡಿಸಿತು.

ಪ್ರೋವಿಯ ಮಡಿಲಲ್ಲಿ ಎಂದಿನಂತೆ ಲೇಸಿನ ದಿಂಬು ಇತ್ತು. ದಿಂಬಿಗೆ ಸುತ್ತಿದ ರಟ್ಟಿನ ಮೇಲೆ ಸೂಜಿಯಿಂದ ಚುಚ್ಚಿದ ನಕಾಶೆ. ಅದರ ತೂತು ತೂತಿಗೂ ಒಂದೊಂದು ಗುಂಡುಸೂಜಿ ನೆಟ್ಟು, ಮೂವತ್ತೆರಡು ಮರದ ಕಡ್ಡಿಗಳಿಗೆ ಸುತ್ತಿದ ದಾರವನ್ನು ಸೂಜಿಗಳ ನಡುವೆ ಹಾಯಿಸಬೇಕು. ಎರಡನೇ ತರಗತಿಗೇ ಶಾಲೆ ಬಿಟ್ಟ ಪ್ರೋವಿಗೆ ಅಕ್ಷರಗಳೆಂದರೆ ಅಳುಕು. ಆದರೆ ಸಾಲು, ತೂತು, ಎಣಿಕೆ ಎಂದರೆ ಕೈಬೆರಳಿನಷ್ಟು ಪರಿಚಯ. ಪುಸ್ತಕದ ಪುಟದ ತುಂಬ ಸಾಲು ಸಾಲು ಅಂಕಿಗಳನ್ನು ಕಂಡು ಅವಳು ಕುತ್ತಿಗೆ ಉದ್ದ ಮಾಡಿದಳು.

"ಅದೇನಮ್ಮ, ಲಾಟರಿ ನಂಬರ್ರಾ?"

"ಪರೀಕ್ಷೆ, ದೋನ್ಯಾ," ಎಂದಳು ಸೊರೈದಾ, ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ. "ಆಫೀಸರ್ ಆಗ್ಬೇಕಾದ್ರೆ ಬರೀಬೇಕು. ಮೇಲಿನ ಅಂಕಿ ಒಂದು ಕೊಡ್ತಾರೆ, ಪಕ್ಕದ ಅಂಕಿ ಒಂದು ಕೊಡ್ತಾರೆ. ಎರಡೂ ಸೇರೋ ಮನೇಲಿ ಏನಿದೆ ಅಂತ ಹೇಳ್ಬೇಕು. ಏಳು ನಿಮಿಷಕ್ಕೆ ನಲವತ್ತು."

"ಅಷ್ಟೇನಾ?"

"ಅಷ್ಟೇ. ಬೇರೆ ಭಾಗ ಎಲ್ಲ ಹೇಗೋ ಬರುತ್ತೆ. ಇದ್ರಲ್ಲೇ ಕಣ್ಣು ಪಕ್ಕದ ಸಾಲಿಗೆ ಜಾರುತ್ತೆ. ವಿಮಾನ ಓಡಿಸೋಕೆ ಯಾರನ್ನ ಕೂರಿಸ್ಬೇಕು ಅಂತ ನೋಡೋವಾಗ ಇದನ್ನೇ ಎಣಿಸ್ತಾರೆ."

ಪ್ರೋವಿ ಎರಡು ಗುಂಡುಸೂಜಿ ತೆಗೆದುಕೊಂಡು, ಒಂದನ್ನು ಮೇಲಿಂದ ಇಳಿಸಿದಳು, ಇನ್ನೊಂದನ್ನು ಪಕ್ಕದಿಂದ ತಂದಳು. ಎರಡೂ ಮುಟ್ಟಿದ ಮನೆಯ ಅಂಕಿ ಹೇಳಿದಳು. ಸೊರೈದಾ ಉತ್ತರದ ಪುಟ ತಿರುವಿದಳು. ಸರಿ. ಇನ್ನೊಂದು. ಅದೂ ಸರಿ. ಹತ್ತಕ್ಕೆ ಹತ್ತೂ ಸರಿ.

"ದೋನ್ಯಾ, ನಿಮ್ಮನ್ನೇ ಕಳಿಸ್ಬೇಕಿತ್ತು!"

"ಕುರ್ಚಿ ಹತ್ತಿ ಬಲ್ಬು ಹಾಕೋಕೇ ನನಗೆ ತಲೆ ಸುತ್ತುತ್ತೆ, ವಿಮಾನವಂತೆ."

ಆಮೇಲೆ ಪ್ರತಿ ಶನಿವಾರ ಬೆಳಗ್ಗೆ ಸೊರೈದಾ ಬರತೊಡಗಿದಳು. ಮೊದಲು ಕಾಫಿ, ಆಮೇಲೆ ದಿಂಬು, ಕೊನೆಗೆ ಪುಸ್ತಕ. ಮೊದಲು ಕೈಗೆ ಬರಲಿ, ಕಣ್ಣು ತಾನೇ ಹಿಂದೆ ಬರುತ್ತದೆ ಎಂಬುದು ಪ್ರೋವಿಯ ಎಣಿಕೆ. ಸ್ಪ್ಯಾನರ್ ಹಿಡಿದ ಆ ದಪ್ಪ ಬೆರಳುಗಳು ಕಡ್ಡಿಗಳನ್ನು ಸಿಕ್ಕು ಮಾಡಿಕೊಂಡಾಗ ಪ್ರೋವಿ ಬಯ್ಯಲಿಲ್ಲ. ಅವಳ ಅವ್ವ ಕಡ್ಡಿಯಿಂದಲೇ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಒಂದೇ ಮಾತನ್ನು ಹೊಡೆಯದೆ ಕಲಿಸಿದಳು: ಒಂದು ಸೂಜಿ ತಪ್ಪಿದರೆ ಕೈ ನಿಲ್ಲಿಸು, ಅಲ್ಲಿಯವರೆಗೂ ಬಿಚ್ಚು, ಸರಿಮಾಡಿಯೇ ಮುಂದೆ ಹೋಗು.

ಬಿಚ್ಚುತ್ತ ಬಿಚ್ಚುತ್ತಲೇ ಸೊರೈದಾ ತನ್ನ ಕಥೆ ಹೇಳಿದಳು. ಅವಳನ್ನು ಸಾಕಿದ ಅಜ್ಜ ಲಾರಿ ರಿಪೇರಿ ಮಾಡುತ್ತಿದ್ದ. ಜೀವಮಾನವೆಲ್ಲ ಲಾರಿಯ ಕೆಳಗೇ ಮಲಗಿದ್ದ, ಒಂದನ್ನಾದರೂ ಓಡಿಸಲಿಲ್ಲ.

"ನಾನೂ ಅಷ್ಟೇ, ದೋನ್ಯಾ. ವಿಮಾನ ಸರಿ ಇದೆ ಅಂತ ಸಹಿ ಹಾಕ್ತೀನಿ, ಕಿವಿ ಮುಚ್ಚಿಕೊಂಡು ಕೆಳಗೆ ನಿಲ್ತೀನಿ. ಅದು ಏರುತ್ತೆ, ಹೊಟ್ಟೇಲಿ ಏನೋ ಅದರ ಜೊತೆ ಏರುತ್ತೆ. ವಿಮಾನ ವಾಪಸ್ ಇಳಿಯುತ್ತೆ, ಇದು ಇಳಿಯಲ್ಲ."

ಆ ಪರೀಕ್ಷೆಯನ್ನು ಎರಡೇ ಸಲ ಬರೆಯಬಹುದಿತ್ತು.

ಮೊದಲ ಪರೀಕ್ಷೆಯ ಮರುದಿನ ಸೊರೈದಾ ಬ್ರೆಡ್ಡು ಹಿಡಿದು ಬಂದವಳು ಮೆಟ್ಟಿಲ ಮೇಲೆಯೇ ನಿಂತಳು. ಅಂಪಾರೊ ಒಳಗೆ ಬಾಳೆಕಾಯಿ ಸುಲಿಯುತ್ತಿದ್ದಳು.

"ಹದಿನೇಳು ಮುಟ್ಟಿದೆ, ದೋನ್ಯಾ. ಉಳಿದ ಇಪ್ಪತ್ಮೂರು ಖಾಲಿ."

"ಮುಟ್ಟಿದ್ದು ಸರೀನಾ?"

"ಎಲ್ಲಾ ಸರಿ, ಎರಡೆರಡು ಸಲ ನೋಡಿದ್ದೆ. ಐದನೇದ್ರಲ್ಲಿ ಸಾಲು ತಪ್ತು ಅನ್ನಿಸ್ತು. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮೊದಲಿಂದ ನೋಡ್ಕೊಂಡು ಬಂದೆ."

"ಹಾಗ್ಯಾಕೆ ಮಾಡಿದೆ?"

ಸೊರೈದಾ ಬ್ರೆಡ್ಡಿನ ಕಾಗದ ಮಡಚತೊಡಗಿದಳು. ಉತ್ತರ ಅಡುಗೆಮನೆಯಿಂದ ಬಂತು.

"ಯಾಕಂತೆ ಯಾಕೆ! ಎರಡನೇ ಕ್ಲಾಸಿನವಳು ಆಫೀಸರಿಗೆ ಪಾಠ ಹೇಳಿದ್ರೆ ಇನ್ನೇನಾಗುತ್ತೆ?"

"ಸುಮ್ನಿರಿ ಅಂಪಾರೊ," ಎಂದಳು ಸೊರೈದಾ.

ಆದರೆ ಅಂಪಾರೊ ಹೇಳಿದ್ದು ನಿಜವೇ ಆಗಿತ್ತು. ಹದಿನೇಳೂ ಸರಿ ಎಂದು ಕೇಳಿದಾಗ ತನ್ನೊಳಗೆ ಒಂದು ಗಳಿಗೆ ಹೆಮ್ಮೆ ಎದ್ದಿತ್ತಲ್ಲ, ಅದಕ್ಕೆ ಪ್ರೋವಿಗೆ ನಾಚಿಕೆಯಾಯಿತು. ಮೂರು ದಿನ ಅವಳು ದಿಂಬು ಮುಟ್ಟಲಿಲ್ಲ. ಕಲಿಸಿದ್ದು ತಪ್ಪಲ್ಲ, ಇನ್ನೊಬ್ಬರ ಗಡಿಯಾರದ ಕೆಳಗೆ ಕೂತವಳಿಗೆ ಕಲಿಸಿದ್ದು ತಪ್ಪು. ಮುಂದಿನ ಪರೀಕ್ಷೆಗೆ ಐದು ತಿಂಗಳಿತ್ತು. ಅದಾದ ಮೇಲೆ ಇನ್ನೊಂದು ಇರಲಿಲ್ಲ.

ನಾಲ್ಕನೇ ದಿನ ನುಸಿಗುಳಿಗೆ ಬದಲಿಸಲು ಪೆಟ್ಟಿಗೆ ತೆರೆದಾಗ ತನ್ನ ಮದುವೆಯ ಮುಸುಕು ಕೈಗೆ ಸಿಕ್ಕಿತು. ಅವ್ವ ಹೆಣೆದದ್ದು. ಅಂಚಿನ ಹತ್ತಿರ, ನಾಲ್ಕನೇ ಹೂವಿನಲ್ಲಿ, ಒಂದು ಎಸಳು ಕಡಿಮೆ. ಪ್ರೋವಿ ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟಳು. ಎಲ್ಲ ನೆನಪಾಯಿತು. ಮದುವೆಯ ಬೆಳಗ್ಗೆ ಆ ತಪ್ಪು ಅವ್ವನ ಕಣ್ಣಿಗೆ ಬಿದ್ದಿತ್ತು. ಬಿಚ್ಚಲು ಹೊತ್ತಿರಲಿಲ್ಲ, ಇಗರ್ಜಿಯ ಗಂಟೆ ಹೊಡೆದಾಗಿತ್ತು. ಬೆರಳಿನ ಗೆಣ್ಣು ಬಾತುಕೊಳ್ಳುವಂತೆ ಹೊಡೆಯುತ್ತಿದ್ದ ಅದೇ ಅವ್ವ, ತಪ್ಪಿದ ಜಾಗಕ್ಕೆ ಕೆಂಪು ತಲೆಯ ಸೂಜಿಯೊಂದನ್ನು ಚುಚ್ಚಿ, ಆಮೇಲೆ ನೋಡೋಣ ಎಂದು ಅಂಚು ಮುಗಿಸಿದ್ದಳು. ಸೂಜಿ ತೆಗೆಯುವುದನ್ನು ಮರೆತಿದ್ದಳು ಕೂಡ. ಪೂಜೆಯುದ್ದಕ್ಕೂ ಅದು ಕುತ್ತಿಗೆಗೆ ಚುಚ್ಚಿ, ವಧು ಭಕ್ತಿಯಿಂದ ಅಳುತ್ತಿದ್ದಾಳೆಂದು ಊರೆಲ್ಲ ಹೊಗಳಿತ್ತು. ಆ ಎಸಳಿಲ್ಲದ ಹೂವಿನಿಂದ ಮದುವೆಗೇನೂ ಆಗಲಿಲ್ಲ. ಗಂಡ ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷ ನಡೆಯಿತು.

ಶನಿವಾರ ಅವಳು ಮುಸುಕನ್ನು ಸೊರೈದಾಳ ಮಡಿಲಿಗೆ ಹಾಕಿ, "ತಪ್ಪು ಹುಡುಕು," ಎಂದಳು. ಸೊರೈದಾ ಹುಡುಕಿಯೇ ಹುಡುಕಿದಳು. ಸಿಗಲಿಲ್ಲ. ಪ್ರೋವಿ ಬೆರಳಿಟ್ಟು ತೋರಿಸಿ ಕಥೆ ಹೇಳಿದಳು.

"ಪಾದ್ರಿ ಕಾಯಲ್ಲ ಅಂತ ಗೊತ್ತಾದ್ರೆ ಅವ್ವನೂ ಬಿಚ್ತಿರ್ಲಿಲ್ಲ ಕಣಮ್ಮ. ಇದನ್ನ ನಿನಗೆ ಹೇಳ್ಳಿಲ್ಲ. ನನಗೇ ಮರೆತಿತ್ತು."

ಅಂದಿನಿಂದ ಹೇಳಿದ ನಿಮಿಷಕ್ಕೆ ಗಂಟೆ ಹೊಡೆಯುವ ಅಡುಗೆಮನೆಯ ಗಡಿಯಾರ ಬಾಲ್ಕನಿಗೆ ಬಂತು. ಅನುಮಾನ ಬಂದ ಪ್ರಶ್ನೆಗೆ ತೋಚಿದ ಉತ್ತರ ಬರೆದು, ಪಕ್ಕದಲ್ಲಿ ಕೆಂಪು ಸೂಜಿ ಚುಚ್ಚಿ ಮುಂದೆ ಹೋಗಬೇಕು; ಹೊತ್ತು ಉಳಿದರೆ ಮಾತ್ರ ಹಿಂದಕ್ಕೆ. ಸೊರೈದಾಳ ಕೈ ಹಳೆಯ ಚಾಳಿಯಿಂದ ನಿಲ್ಲುತ್ತಿತ್ತು. ಅವಳಿಗೆ ಜೊತೆ ಕೊಡಲೆಂದು ಪ್ರೋವಿ ತಾನೂ ದಿಂಬಿನ ಮೇಲೆ ಬೇಕೆಂದೇ ಒಂದು ಸೂಜಿ ತಪ್ಪು ನೆಟ್ಟು, ಬಿಚ್ಚದೆ ಮುಂದಕ್ಕೆ ಹೆಣೆದಳು. ಹಣೆ ಬೆವರಿತು.

"ದೋನ್ಯಾ, ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಳ್ತಿರೋ ಹಾಗಿದೆ!"

"ನಗಬೇಡ. ನೀನು ಎಷ್ಟನೇದ್ರಲ್ಲಿದೀಯ? ನಡಿ ಮುಂದೆ."

ಏಳು ನಿಮಿಷಕ್ಕೆ ಮುಟ್ಟಿದ ಪ್ರಶ್ನೆಗಳ ಲೆಕ್ಕ ಇಪ್ಪತ್ತೆರಡಾಯಿತು, ಇಪ್ಪತ್ತೊಂಬತ್ತಾಯಿತು, ಮೂವತ್ತಾರಾಯಿತು. ಪರೀಕ್ಷೆಯ ಕೋಣೆಗೆ ಸೂಜಿ ಒಯ್ಯುವ ಹಾಗಿರಲಿಲ್ಲವಾದ್ದರಿಂದ ಕೊನೆಯ ತಿಂಗಳು ಸೂಜಿಯ ಜಾಗದಲ್ಲಿ ಪೆನ್ಸಿಲಿನ ಚುಕ್ಕೆ ಬಂತು.

ಫಲಿತಾಂಶದ ದಿನ ಬೀದಿಯ ಮೂಲೆಯಿಂದಲೇ ಹಾರ್ನು ಕೇಳಿಸಿತು. ಸೊರೈದಾ ಜೀಪು ನಿಲ್ಲಿಸಿದ್ದು ಅರ್ಧ ಅಂಪಾರೊಳ ಹೂಗಿಡದ ಮೇಲೆ.

"ನಲವತ್ತೂ ಮುಟ್ಟಿದ್ದೆ, ದೋನ್ಯಾ! ಒಂಬತ್ತು ಕೆಂಪು ಸೂಜಿ. ನಾಲ್ಕಕ್ಕೆ ವಾಪಸ್ ಹೋಗೋಕಾಯ್ತು, ಐದನ್ನ ಕನ್ಯಾಮರಿಯಮ್ಮನಿಗೆ ಬಿಟ್ಟಿದ್ದೆ. ಆಯ್ತು! ಪೈಲಟ್ ಭಾಗಾನೂ ಆಯ್ತು!"

ಐದು ತಿಂಗಳಿಂದ ಪ್ರೋವಿಯ ಕಿವಿಯವರೆಗೂ ಏರಿ ಕೂತಿದ್ದ ಭುಜಗಳು ಇಳಿದವು. ಕುರ್ಚಿಗೆ ಒರಗಿ, ಕಾಲು ಚಾಚಿ, ಚಪ್ಪಲಿ ತಾನಾಗಿಯೇ ಜಾರಿ ಬೀಳುವಂತೆ ಕೂತಳು. ಒಲೆಯ ಮೇಲಿದ್ದ ಬಾಳೆಕಾಯಿ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ಬಂದರೂ ಯಾರೂ ಒಳಗೆ ಹೋಗಲಿಲ್ಲ.

"ಇವಳನ್ನ ಈ ಮನೆಗೆ ಕರ್ಕೊಂಡು ಬಂದದ್ದು ನಾನು, ನೆನಪಿರ್ಲಿ," ಎಂದು ಅಂಪಾರೊ ಮುರಿದ ಗಿಡ ನೆಟ್ಟಗೆ ಮಾಡುತ್ತ ಹೇಳಿದಳು. ಎರಡನೇ ಕ್ಲಾಸಿನ ಮಾತು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

ಆಫೀಸರ್ ತರಬೇತಿ ಸಮುದ್ರದಾಚೆ. ಮುಗಿಸಿಕೊಂಡು ಬಂದ ಸೊರೈದಾ ವಿಮಾನ ಕಲಿಯಲು ಹೊರಡುವ ಮುಂಚಿನ ಶನಿವಾರ ನೀಲಿ ಸಮವಸ್ತ್ರದಲ್ಲಿ ಅದೇ ಮೆಟ್ಟಿಲು ಹತ್ತಿದಳು. ಉಗುರಿನ ಸಂದಿಯಲ್ಲಿ ಎಣ್ಣೆ ಇರಲಿಲ್ಲ. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ತೋರಿಸಿದಳು: ಭುಜಕ್ಕೊಂದರಂತೆ ಎರಡು ಬಂಗಾರ ಬಣ್ಣದ ಆಫೀಸರ್ ಪಟ್ಟಿಗಳು, ಹಿಂದೆ ಮೊನೆಯಾದ ಮುಳ್ಳು.

"ಮನೆಯವರು ಚುಚ್ಚೋದು ವಾಡಿಕೆ. ಅಲ್ಲಿ ಯಾರೋ ಕರ್ನಲ್ ಚುಚ್ಚಿದ. ಅದನ್ನ ನಾನು ಲೆಕ್ಕಕ್ಕೆ ಇಟ್ಟಿಲ್ಲ."

ಪ್ರೋವಿ ಕನ್ನಡಕ ಒರೆಸಿ ಹಾಕಿಕೊಂಡಳು. ಹೊಲಿಗೆಯಿಂದ ಪಟ್ಟಿಗೆ ಎಷ್ಟು ದೂರವೆಂದು ಒಂದು ದಾರ ಹಿಡಿದು ಅಳೆದಳು, ಅದೇ ದಾರವನ್ನು ಇನ್ನೊಂದು ಭುಜಕ್ಕೂ ಹಿಡಿದು ನೋಡಿದಳು. ಮತ್ತೊಮ್ಮೆ ಅಳೆದಳು. ಸೊರೈದಾ ಉಸಿರು ಬಿಗಿಹಿಡಿದು ನಿಂತಿದ್ದಳು. ಬಾಯಿಯ ಮೂಲೆಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ಮೊನೆ ಬಟ್ಟೆಗೆ ತಾಗಿತು.

"ದೋನ್ಯಾ," ಎಂದು ಕೇಳಿದಳು ಅವಳು, "ಸೊಟ್ಟಗಾದ್ರೆ ಬಿಚ್ತೀರೋ, ಮುಂದಕ್ಕೆ ಹೋಗ್ತೀರೋ?"