ಗಿರಣಿಯ ಸದ್ದು ಅಳೆದ ದಿನ

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮದೊಂದು ರಾಗಿ ಬೀಸುವ ಗಿರಣಿ. ಪಕ್ಕದ ಮನೆಗೆ ಬಂದ ಇಂಗ್ಲಿಷ್ ಮೇಷ್ಟ್ರು, ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಕಾರ್ಪೊರೇಷನ್ ಕಚೇರಿಗೆ ಅರ್ಜಿ ಹಾಕಿದರು. ಸದ್ದು ಅಳೆಯಲು ಬರುತ್ತಾರೆ, ಹೆಚ್ಚಿದ್ದರೆ ಗಿರಣಿಗೆ ಬೀಗ ಎಂದು ಕಚೇರಿಯ ಜವಾನ ಹೇಳಿಹೋದ. ಗಿರಣಿ ಬಿಟ್ಟರೆ ನಮಗೆ ಬೇರೆ ಅನ್ನವಿರಲಿಲ್ಲ.

ಮೂರು ದಿನ ನಮ್ಮ ಯಜಮಾನರಿಗೆ ಊಟ ಸೇರಲಿಲ್ಲ. ಯಂತ್ರದ ಅಡಿಗೆ ಗೋಣಿಚೀಲ ತುರುಕಿದರು. ನೆಲ ಅದುರುವುದು ನಿಂತಿತು. ಅಳೆಯುವ ದಿನ, ಗಿರಾಕಿಗಳ ಮಾತೂ ಲೆಕ್ಕಕ್ಕೆ ಬಂದೀತು ಎಂದು ಹೆದರಿ ಎಲ್ಲರನ್ನೂ ವಾಪಸ್ ಕಳಿಸಿ, ಕಾಳಿಲ್ಲದ ಯಂತ್ರ ಓಡಿಸಿದರು.

ಅಳೆಯಲು ಬಂದ ಸಾಹೇಬರು ಮೇಷ್ಟ್ರ ಕಿಟಕಿಯ ಬಳಿ ಒಂದು ಪೆಟ್ಟಿಗೆ ಇಟ್ಟು ಗುಂಡಿ ತಿರುಗಿಸಿದರು. ಮುಳ್ಳು ಮೇಲೇರಿತು. ಇನ್ನೊಂದು ಗುರುತಿಗೆ ತಿರುಗಿಸಿದರು. ಮುಳ್ಳು ಇಳಿಯದೆ ಅಲ್ಲೇ ನಿಂತಿತು.

"ಇಲ್ಲಿಗೆ ತಿರುಗಿಸಿದ್ರೆ ಪೆಟ್ಟಿಗೆ ನಮ್ಮ ಕಿವಿ ಇದ್ದಂಗೆ. ದಪ್ಪ ಸದ್ದನ್ನ ಅಷ್ಟಾಗಿ ಎಣಿಸಲ್ಲ, ಕೀಚಲು ಸದ್ದನ್ನ ಬಿಡಲ್ಲ. ನಿಮ್ದು ಬರೀ ಕೀಚಲು, ಅದಕ್ಕೇ ಮುಳ್ಳು ಇಳೀಲಿಲ್ಲ. ನಾನು ಬರ್ಕೊಳ್ಳೋದು ಇದನ್ನೇ," ಎಂದರು ಸಾಹೇಬರು.

"ಗೋಣಿಚೀಲ ಹಾಕಿದೀನಿ ಸ್ವಾಮಿ," ಎಂದರು ಯಜಮಾನರು.

"ಅದು ದಪ್ಪ ಸದ್ದಿಗಾಯ್ತು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಮೂರು ದಿನದಿಂದ ಖಾಲಿ ಹೊಟ್ಟೇಲಿ ನೀವು ನನ್ ಮೇಲೆ ಕಿರುಚ್ತಿಲ್ವೇನ್ರೀ? ಕಲ್ಲೂ ಹಂಗೇ!" ಎಂದು ಮನೆಯ ರಾಗಿಯನ್ನು ತಂದು ಸುರಿದೆ. ಕಲ್ಲಿನ ನಡುವೆ ಕಾಳು ಹೋದದ್ದೇ ಕಿರುಚುವುದು ನಿಂತಿತು. ಮುಳ್ಳು ಇಳಿಯಿತು. ಎಷ್ಟು ಇಳಿದರೆ ಸಾಕೋ ನಮಗೆ ಗೊತ್ತಿಲ್ಲ. ಕೇಳಿದರೆ, "ಕಾಗದ ಬರುತ್ತೆ ತಾಯಿ," ಎಂದು ಹೊರಟೇಬಿಟ್ಟರು.

ಎಂಟು ದಿನಕ್ಕೆ ಕಾಗದ ಬಂತು, ಇಂಗ್ಲಿಷಿನಲ್ಲಿ. ನಾನು ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು. ಯಜಮಾನರೂ ಅಷ್ಟೆ. ಬೀದಿಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಅರ್ಜಿ ಹಾಕಿದ ಮೇಷ್ಟ್ರಿಗೊಬ್ಬರಿಗೇ. ಅವರ ಬಾಗಿಲಿಗೇ ಹೋದೆವು. ಅವರು ಕನ್ನಡಕ ಒರೆಸಿ, ಎರಡು ಸಲ ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಬೀಗ ಹಾಕೋ ಹಂಗಿಲ್ಲವಂತೆ," ಎಂದರು. ಯಜಮಾನರು ಕೈಮುಗಿದರು. ಮೇಷ್ಟ್ರು ಕಾಗದ ಮಡಚಿ, "ಮಧ್ಯಾಹ್ನ ಎರಡು ಗಂಟೆ ನಿಲ್ಲಿಸಬೇಕು ಅಂತಾನೂ ಇದೆ," ಎಂದರು.

ಅದು ಕಾಗದದಲ್ಲಿತ್ತೋ, ಅವರ ನಿದ್ದೆಗಾಗಿ ಅವರೇ ಸೇರಿಸಿದರೋ ಗೊತ್ತಿಲ್ಲ. ಬೇರೆಯವರಿಗೆ ತೋರಿಸೋಣ ಎಂದರೆ, ಅದರಿಂದ ಇನ್ನೇನು ಹೊರಡುತ್ತದೋ ಎಂದು ಹೆದರಿ ಯಜಮಾನರು ಬಿಡಲಿಲ್ಲ. ಗಿರಣಿ ಮಾರುವವರೆಗೂ ಮಧ್ಯಾಹ್ನ ಎರಡು ಗಂಟೆ ನಿಲ್ಲಿಸಿದೆವು.